ಹೊರಡುವ ಮುನ್ನ ಮರಳುವ ದಾರಿ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬ ಗಾದೆಯನ್ನು ಕನ್ನಡ ಶಾಲೆಯ ಮಕ್ಕಳು ಪ್ರಬಂಧದಲ್ಲಿ ಬರೆಯದ ವರ್ಷವಿಲ್ಲ. ಆದರೆ 2020ರ ಮಾರ್ಚ್‌ನಿಂದ 2022ರ ಮಾರ್ಚ್‌ವರೆಗಿನ ಎರಡು ವರ್ಷಗಳಲ್ಲಿ ಆ ಗಾದೆಯ ‘ಇಲ್ಲವೇ’ ಎಂಬ ಪದಕ್ಕೆ ಅರ್ಥವೇ ಇರಲಿಲ್ಲ. ದೇಶ ಸುತ್ತಬೇಕೆಂದವರು ಮೊದಲು ಕೋಶವನ್ನು ಓದಲೇಬೇಕಾಗಿತ್ತು. ಆ ಕೋಶವಾದರೋ ಸರ್ಕಾರಿ ಆದೇಶಗಳ ಕಟ್ಟು, ವಾರ ಕಳೆಯುವುದರೊಳಗೆ ಬದಲಾಗುವಂಥದು. ಈಗ ಆ ತಡೆಗಳಿಲ್ಲ. ಬೇಸಿಗೆ ರಜೆಗೆ ಸಿಂಗಪುರವೋ ಮಲೇಷ್ಯಾವೋ ಎಂಬ ಮಾತು ಮನೆಮನೆಗಳಲ್ಲಿ ಮತ್ತೆ ಕೇಳಿಬರುತ್ತಿದೆ. ಆದರೂ ಹೋಗಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವ ಬಗೆಯಲ್ಲಿ ಆ ಎರಡು ವರ್ಷ ಕಲಿಸಿದ್ದು ಮರೆಯತಕ್ಕದ್ದಲ್ಲ.

ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಿಗೆ ಈ ಪಾಠ ವಿಮಾನ ನಿಲ್ದಾಣದಲ್ಲಿ ಆರಂಭವಾಗಲಿಲ್ಲ. ತೊಪ್ಪೂರು ಘಾಟಿಯಲ್ಲಿ ಆರಂಭವಾಯಿತು. 1965ರ ಅಕ್ಟೋಬರ್ 2ರವರೆಗೆ ಧರ್ಮಪುರಿಯು ಸೇಲಂ ಜಿಲ್ಲೆಯ ಭಾಗವೇ ಆಗಿತ್ತು. ಜಿಲ್ಲೆ ಬೇರೆಯಾದರೂ ನಂಟು ಬೇರೆಯಾಗಲಿಲ್ಲ. ಹೆಣ್ಣು ಕೊಡುವುದು, ತರುವುದು, ನೂಲು ಮತ್ತು ಮಾವಿನ ವ್ಯಾಪಾರ ಎಲ್ಲವೂ ಘಾಟಿಯ ಎರಡೂ ಬದಿಗೆ ಹರಡಿಕೊಂಡಿದ್ದವು. 2020ರ ಜೂನ್ 1ರಿಂದ ತಮಿಳುನಾಡು ಸರ್ಕಾರ ರಾಜ್ಯವನ್ನು ಎಂಟು ವಲಯಗಳಾಗಿ ವಿಂಗಡಿಸಿದಾಗ ಸೇಲಂ ಜಿಲ್ಲೆ ಕೊಯಮತ್ತೂರು, ನೀಲಗಿರಿ, ಈರೋಡು, ತಿರುಪ್ಪೂರು, ಕರೂರು, ನಾಮಕ್ಕಲ್ ಜಿಲ್ಲೆಗಳೊಂದಿಗೆ ಮೊದಲ ವಲಯಕ್ಕೆ ಸೇರಿತು. ಧರ್ಮಪುರಿಯು ಕೃಷ್ಣಗಿರಿ, ವೇಲೂರು, ರಾಣಿಪೇಟೆ, ತಿರುಪತ್ತೂರುಗಳೊಂದಿಗೆ ಎರಡನೆಯದಕ್ಕೆ. ವಲಯದೊಳಗೆ ತಿರುಗಲು ಅನುಮತಿ ಬೇಡ, ವಲಯ ದಾಟಲು ಇ-ಪಾಸ್ ಬೇಕು. ಹೀಗೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮರಳಬಹುದಾದ ಊರು ಒಂದೇ ದಿನದಲ್ಲಿ ಪರದೇಶವಾಯಿತು. ಆಗಸ್ಟ್ 17ರವರೆಗೆ ಆ ಪಾಸ್ ದೊರೆಯುತ್ತಿದ್ದುದು ಮದುವೆ, ಮರಣ, ತುರ್ತು ಚಿಕಿತ್ಸೆ ಮೊದಲಾದ ಕೆಲವೇ ಕಾರಣಗಳಿಗೆ.

ರಾಜ್ಯದ ಗಡಿಯಲ್ಲಿ ಬಾಗಿಲು ಒಂದಲ್ಲ, ಎರಡು. ಜೂಜುವಾಡಿಯಲ್ಲಿ ತಮಿಳುನಾಡಿನ ತಪಾಸಣೆ, ಅದರಾಚೆ ಅತ್ತಿಬೆಲೆಯಲ್ಲಿ ಕರ್ನಾಟಕದ್ದು. ಮೆಟ್ಟೂರು, ಕೊಳತ್ತೂರು ಕಡೆಯ ಭಕ್ತರು ಪಾಲಾರಿನ ದಾರಿಯಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವಾಗಲೂ ಹೀಗೆಯೇ. 2020ರ ಮೇ 18ರಂದು ಕರ್ನಾಟಕವು ಗುಜರಾತ್, ಮಹಾರಾಷ್ಟ್ರ, ಕೇರಳಗಳೊಂದಿಗೆ ತಮಿಳುನಾಡಿನಿಂದ ಬರುವವರಿಗೂ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು. ಅನಂತರ ಸೇವಾ ಸಿಂಧು ಜಾಲತಾಣದಲ್ಲಿ ನೋಂದಣಿ, ಕೈಗೆ ಮುದ್ರೆ, ಹದಿನಾಲ್ಕು ದಿನಗಳ ಪ್ರತ್ಯೇಕವಾಸ ಬಂದವು. ಆಗಸ್ಟ್ 24ರಂದು ಕರ್ನಾಟಕ ಅವೆಲ್ಲವನ್ನೂ ಒಮ್ಮೆಲೇ ತೆಗೆದುಹಾಕಿತು. ಆದರೆ ಹೊರರಾಜ್ಯದಿಂದ ತಮಿಳುನಾಡಿಗೆ ಬರುವವರಿಗೆ ಇ-ಪಾಸ್ ಮುಂದುವರಿಯಿತು. ಎಂದರೆ, ಹೊಸೂರಿನಿಂದ ಬೆಂಗಳೂರಿಗೆ ಹೋಗಲು ಕಾಗದ ಬೇಡ. ಬೆಂಗಳೂರಿನಿಂದ ತನ್ನ ಮನೆಗೇ ಮರಳಲು ಕಾಗದ ಬೇಕು. ಎರಡು ರಾಜ್ಯಗಳ ನಡುವಿನ ಬಸ್ಸುಗಳು ಮತ್ತೆ ಓಡಿದ್ದು ನವೆಂಬರ್‌ನಲ್ಲಿ, ದೀಪಾವಳಿಯ ವೇಳೆಗೆ. 2021ರ ಎರಡನೆಯ ಅಲೆಯಲ್ಲಿ ಅವು ಮತ್ತೆ ನಿಂತು, ಆಗಸ್ಟ್ 23ರಂದು ಮತ್ತೆ ಹೊರಟವು.

ಈ ಒಂದು ಅನುಭವದಲ್ಲಿಯೇ ವಿದೇಶ ಪ್ರವಾಸದ ಇಡೀ ಲೆಕ್ಕ ಅಡಗಿದೆ. ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಅಲ್ಲಿಗೆ ಬಿಡುತ್ತಾರೆಯೇ?’ ಎಂಬುದು. ಅದು ಅರ್ಧ ಪ್ರಶ್ನೆ ಮಾತ್ರ. ಉಳಿದರ್ಧ, ‘ಮರಳುವ ದಿನ ಇಲ್ಲಿಗೆ ಬಿಡುತ್ತಾರೆಯೇ, ಬಿಟ್ಟರೆ ಯಾವ ಷರತ್ತಿನ ಮೇಲೆ?’ ಎಂಬುದು. ಹೋಗುವ ಬಾಗಿಲನ್ನು ಕಾಯುವವರು ಬೇರೆ, ಬರುವ ಬಾಗಿಲನ್ನು ಕಾಯುವವರು ಬೇರೆ. ಒಂದು ಆದೇಶಕ್ಕೂ ಇನ್ನೊಂದಕ್ಕೂ ಹೊಂದಿಕೆ ಇರಬೇಕೆಂಬ ನಿಯಮವಿಲ್ಲ.

2021ರ ಕೊನೆಯ ವಾರಗಳು ಇದಕ್ಕೆ ಸ್ಪಷ್ಟವಾದ ನಿದರ್ಶನ. ನಿಗದಿತ ಅಂತರರಾಷ್ಟ್ರೀಯ ವಿಮಾನಗಳು 2020ರ ಮಾರ್ಚ್‌ನಿಂದ ನಿಂತಿದ್ದವು. ಕೆಲವು ದೇಶಗಳೊಡನೆ ಮಾಡಿಕೊಂಡ ವಿಶೇಷ ಏರ್ಪಾಡಿನ ವಿಮಾನಗಳಷ್ಟೇ ಹಾರುತ್ತಿದ್ದವು. 2021ರ ನವೆಂಬರ್ 29ರಿಂದ ಸಿಂಗಪುರ ಭಾರತದ ಪ್ರಯಾಣಿಕರಿಗೆ ಹೊಸ ದಾರಿ ತೆರೆಯಿತು: ಎರಡೂ ಲಸಿಕೆ ಪಡೆದವರು ಗೊತ್ತುಪಡಿಸಿದ ವಿಮಾನಗಳಲ್ಲಿ ಬಂದರೆ ಪ್ರತ್ಯೇಕವಾಸ ಬೇಡ. ಆ ವಿಮಾನಗಳು ಚೆನ್ನೈ, ದೆಹಲಿ, ಮುಂಬಯಿಗಳಿಂದ ಮಾತ್ರ ಹೊರಡುತ್ತಿದ್ದವು. ಧರ್ಮಪುರಿಯವರಿಗೆ ಹತ್ತಿರವಾದ ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ತಮಿಳೂ ಆಡಳಿತ ಭಾಷೆಯಾಗಿರುವ, ಈ ಭಾಗದ ಎಷ್ಟೋ ಮನೆಗಳ ಮಕ್ಕಳು ದುಡಿಯುತ್ತಿರುವ ದೇಶ ಅದು. ಅರ್ಧವಾರ್ಷಿಕ ರಜೆಗೆ ಒಂದು ತಿಂಗಳಿತ್ತು. ಹಲವರಿಗೆ ಕಾಲ ಕೂಡಿಬಂದಂತೆ ಕಂಡದ್ದು ಸಹಜ.

ನವೆಂಬರ್ 26ರಂದು ಭಾರತ ಸರ್ಕಾರ, ನಿಗದಿತ ವಿಮಾನಗಳು ಡಿಸೆಂಬರ್ 15ರಿಂದ ಮತ್ತೆ ಹಾರಲಿವೆ ಎಂದು ಪ್ರಕಟಿಸಿತು. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಹೊಸ ರೂಪಾಂತರಿಗೆ ಒಮೈಕ್ರಾನ್ ಎಂದು ಹೆಸರಿಟ್ಟಿತು. ಐದು ದಿನಗಳಲ್ಲಿ, ಡಿಸೆಂಬರ್ 1ರಂದು, ವಿಮಾನಗಳ ಆರಂಭವನ್ನು ಮುಂದೂಡಲಾಯಿತು. ಅಂದಿನಿಂದಲೇ ಅಪಾಯದ ಪಟ್ಟಿಯಲ್ಲಿದ್ದ ದೇಶಗಳಿಂದ ಬರುವವರು ನಿಲ್ದಾಣದಲ್ಲಿಯೇ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಕಾದು, ಸೋಂಕಿಲ್ಲವೆಂದಾದರೂ ಏಳು ದಿನ ಮನೆಯಲ್ಲಿ ಪ್ರತ್ಯೇಕವಾಗಿರಬೇಕೆಂಬ ನಿಯಮ ಜಾರಿಯಾಯಿತು. ಆ ಪಟ್ಟಿಯಲ್ಲಿ ಆಗ ಸಿಂಗಪುರದ ಹೆಸರೂ ಇತ್ತು. ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿಯೇ ವರದಿಯಾದವು. ಡಿಸೆಂಬರ್ 22ರಂದು ಸಿಂಗಪುರ ಆ ವಿಶೇಷ ದಾರಿಯ ಹೊಸ ಟಿಕೆಟ್ ಮಾರಾಟವನ್ನು ತಡೆಹಿಡಿಯಿತು. 2022ರ ಜನವರಿ 11ರಿಂದ ಯಾವ ದೇಶದಿಂದ ಬಂದರೂ ಏಳು ದಿನಗಳ ಗೃಹವಾಸ ಕಡ್ಡಾಯವಾಯಿತು. ಫೆಬ್ರವರಿ 14ರಂದು ಅದು ರದ್ದಾಯಿತು. ಮಾರ್ಚ್ 27ರಂದು ನಿಗದಿತ ವಿಮಾನಗಳು ಕೊನೆಗೂ ಹಾರಿದವು.

ನವೆಂಬರ್ ಮೂರನೆಯ ವಾರದಲ್ಲಿ ಟಿಕೆಟ್ ಕೊಂಡ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಕೊಂಡ ದಿನದ ನಿಯಮ ಒಂದು, ಹೊರಡುವ ದಿನದ್ದು ಇನ್ನೊಂದು, ಮರಳುವ ದಿನದ್ದು ಮತ್ತೊಂದು. ಯಾರದೂ ತಪ್ಪಲ್ಲ, ರೋಗ ಬದಲಾದಂತೆ ಆದೇಶ ಬದಲಾಯಿತು. ಆದರೆ ಆ ಬದಲಾವಣೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ. ಸಿಂಗಪುರದ ಆ ದಾರಿಯಲ್ಲಿ ಹನ್ನೆರಡು ವರ್ಷದವರೆಗಿನ ಮಕ್ಕಳು ಲಸಿಕೆ ಇಲ್ಲದಿದ್ದರೂ ತಂದೆತಾಯಿಯೊಡನೆ ಹೋಗಬಹುದಿತ್ತು; ಅದಕ್ಕಿಂತ ದೊಡ್ಡವರಿಗೆ ಲಸಿಕೆ ಬೇಕಿತ್ತು. ಭಾರತದಲ್ಲಿ 15ರಿಂದ 18 ವರ್ಷದವರಿಗೆ ಲಸಿಕೆ ಆರಂಭವಾದದ್ದು 2022ರ ಜನವರಿ 3ರಂದು. 12ರಿಂದ 14ರವರಿಗೆ ಮಾರ್ಚ್ 16ರಂದು. ಆದ್ದರಿಂದ ತಂದೆ, ತಾಯಿ, ಏಳು ವರ್ಷದ ತಂಗಿ ಹೋಗಬಹುದು. ಒಂಬತ್ತನೆಯ ತರಗತಿಯ ಅಣ್ಣ ಹೋಗುವಂತಿಲ್ಲ. ಅವನನ್ನು ಅಜ್ಜಿಯ ಬಳಿ ಬಿಟ್ಟು ಹೋಗುವುದೇ, ಎಲ್ಲರೂ ಉಳಿಯುವುದೇ? ಅನುಮತಿಯನ್ನು ಮನೆಯ ಬಹುಪಾಲು ಜನರಿಗೆ ಅನ್ವಯಿಸಿ ನೋಡಿದರೆ ಸಾಲದು. ಆ ಆದೇಶದ ಮುಂದೆ ಯಾರು ದುರ್ಬಲರೋ ಅವರಿಗೆ ಅನ್ವಯಿಸಿ ನೋಡಬೇಕು. ಕೆಲವು ಮನೆಗಳಲ್ಲಿ ಅದು ಅಜ್ಜಿ, ಕೆಲವೆಡೆ ಹದಿನಾಲ್ಕರ ಹುಡುಗ.

ಏಳು ದಿನಗಳ ಗೃಹವಾಸವೆಂದರೆ ಕನ್ನಡ ಮಾಧ್ಯಮದ ಮಗುವಿಗೆ ಏನೆಂಬುದನ್ನೂ ಯೋಚಿಸಬೇಕು. ತಮಿಳುನಾಡಿನ ಶಾಲೆಗಳು 2020ರ ಮಾರ್ಚ್‌ನಲ್ಲಿ ಮುಚ್ಚಿ, ಒಂದರಿಂದ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್ 1ರಂದು. ಹತ್ತೊಂಬತ್ತು ತಿಂಗಳಿಗೂ ಮೀರಿದ ಅಂತರ. ಅಷ್ಟೂ ಕಾಲ ದೂರದರ್ಶನದಲ್ಲಿ ಬಂದ ಸರ್ಕಾರಿ ಪಾಠಗಳು ಮುಖ್ಯವಾಗಿ ತಮಿಳಿನವು. ಮನೆಯಲ್ಲಿ ಕನ್ನಡ ಮಾತಾಗಿ ಉಳಿಯಿತು. ಅಕ್ಷರವಾಗಿ ಉಳಿಯಲು ತರಗತಿಯೇ ಬೇಕಾಗಿತ್ತು. ಬೀದಿಯ ಫಲಕ, ಬಸ್ಸಿನ ಹೆಸರು, ಅಂಗಡಿಯ ಚೀಟಿ ಯಾವುದೂ ಕನ್ನಡದಲ್ಲಿಲ್ಲದ ಊರಿನಲ್ಲಿ ಶಾಲೆಯ ಒಂದು ವಾರ ಬೆಂಗಳೂರಿನ ಮಗುವಿನ ಒಂದು ವಾರಕ್ಕೆ ಸಮವಲ್ಲ. ತೆರೆದ ಎರಡೇ ತಿಂಗಳಲ್ಲಿ, ಜನವರಿಯಲ್ಲಿ, ಶಾಲೆಗಳು ಮತ್ತೆ ಮುಚ್ಚಿ ಫೆಬ್ರವರಿ 1ಕ್ಕೆ ತೆರೆದವು ಎಂಬುದನ್ನು ನೆನೆದರೆ, ಆ ನಡುವಿನ ದಿನಗಳ ಬೆಲೆ ಇನ್ನೂ ಸ್ಪಷ್ಟವಾಗುತ್ತದೆ. ಪ್ರವಾಸದ ಖರ್ಚಿನ ಪಟ್ಟಿಯಲ್ಲಿ ಟಿಕೆಟ್, ವಸತಿ, ಪರೀಕ್ಷಾ ಶುಲ್ಕಗಳ ಕೆಳಗೆ ತಪ್ಪುವ ತರಗತಿಗಳನ್ನೂ ಬರೆದವರು ಲೆಕ್ಕವನ್ನು ಸರಿಯಾಗಿ ಹಾಕಿದರು.

ಹಣದ ಲೆಕ್ಕವೂ ಹಗುರವಲ್ಲ. ಮೊದಲ ಲಾಕ್‌ಡೌನ್‌ನಲ್ಲಿ ರದ್ದಾದ ವಿಮಾನಗಳ ಹಣ ಮರಳಿಸುವ ವಿವಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 2020ರ ಅಕ್ಟೋಬರ್ 1ರಂದು ತೀರ್ಪಾಯಿತು. ಲಾಕ್‌ಡೌನ್ ಅವಧಿಯಲ್ಲಿಯೇ ಆ ಅವಧಿಯ ಪ್ರಯಾಣಕ್ಕೆ ಕಾಯ್ದಿರಿಸಿದವರಿಗೆ ಪೂರ್ಣ ಹಣ ಮರಳಬೇಕೆಂದೂ, ಉಳಿದ ಕೆಲವು ಸಂದರ್ಭಗಳಲ್ಲಿ ಸಂಸ್ಥೆ ಹಣ ಕೊಡಲಾರದಿದ್ದರೆ 2021ರ ಮಾರ್ಚ್ 31ರವರೆಗೆ ಬಳಸಬಹುದಾದ ಜಮೆಯಾಗಿ ಇರಿಸಬಹುದೆಂದೂ ನಿರ್ಣಯವಾಯಿತು. ವಿಮಾನ ರದ್ದಾಗುವುದು ಬೇರೆ, ನಿಯಮ ಬದಲಾಗಿ ಪ್ರಯಾಣಿಕರೇ ಹಿಂದೆ ಸರಿಯುವುದು ಬೇರೆ ಎಂಬುದು ಇಲ್ಲಿ ಗಮನಿಸಬೇಕಾದ ಅಂಶ. ವಿಮಾನ ಹಾರಿದ್ದರೆ, ಹತ್ತದೆ ಉಳಿದವರ ಹಣಕ್ಕೆ ಟಿಕೆಟಿನ ಷರತ್ತೇ ಗತಿ. ಮಾವಿನ ಫಸಲಿನ ಹಣವನ್ನೋ ಮಗ್ಗದ ಉಳಿತಾಯವನ್ನೋ ಕೂಡಿಟ್ಟು ಒಮ್ಮೆ ಹೋಗಿಬರುವ ಮನೆಗೆ ಆ ಷರತ್ತಿನ ಸಣ್ಣ ಅಕ್ಷರಗಳು ದೊಡ್ಡವೇ ಸರಿ.

ಇಷ್ಟೆಲ್ಲ ಓದುವವರು ಯಾರು? ಇಲ್ಲಿ ಈ ಭಾಗದ ಕನ್ನಡ ಮಕ್ಕಳಿಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. 2006ರ ತಮಿಳು ಕಲಿಕೆ ಕಾಯಿದೆಯ ಪರಿಣಾಮವಾಗಿ ಅವರು ತಮಿಳನ್ನು ಓದಿ ಬರೆಯಲು ಕಲಿಯುತ್ತಾರೆ. ಶಾಲೆಯಲ್ಲಿ ಕನ್ನಡವಿದೆ, ಇಂಗ್ಲಿಷ್ ಇದೆ. ಚೆನ್ನೈಯ ಆದೇಶ ತಮಿಳಿನಲ್ಲಿ, ಬೆಂಗಳೂರಿನ ಆದೇಶ ಕನ್ನಡದಲ್ಲಿ, ವಿಮಾನ ಸಂಸ್ಥೆಯ ಷರತ್ತು ಇಂಗ್ಲಿಷಿನಲ್ಲಿ ಇರುವಾಗ ಮೂರನ್ನೂ ಮೂಲದಲ್ಲಿಯೇ ಓದಬಲ್ಲವರು ಮನೆಯಲ್ಲಿ ಅನೇಕ ವೇಳೆ ಎಂಟನೆಯ ತರಗತಿಯ ಮಗಳು ಮಾತ್ರ. ಆಕೆಗೆ ಕಲಿಸಬೇಕಾದದ್ದು ಆದೇಶವನ್ನು ಓದುವ ಕ್ರಮ: ಹೊರಡಿಸಿದ ದಿನ ಯಾವುದು, ಜಾರಿಗೆ ಬರುವ ದಿನ ಯಾವುದು, ಎಂದಿನವರೆಗೆ, ಯಾರಿಗೆ, ಯಾರಿಗೆ ವಿನಾಯಿತಿ. ಫೋನಿಗೆ ಯಾರೋ ಕಳಿಸಿದ ಸುದ್ದಿಯಲ್ಲಿ ಈ ಐದಕ್ಕೂ ಉತ್ತರವಿರುವುದು ಅಪರೂಪ.

ಹಾಗಾದರೆ ಅಂಥ ಕಾಲದಲ್ಲಿ ಹೋಗಲೇಬಾರದೆಂದೇ? ಹಾಗೆ ಹೇಳುವುದು ಸುಲಭ, ನ್ಯಾಯವಲ್ಲ. ಮೊಮ್ಮಗುವಿನ ಮುಖವನ್ನು ಎರಡು ವರ್ಷ ಫೋನಿನ ಪರದೆಯಲ್ಲಷ್ಟೇ ಕಂಡ ಅಜ್ಜ ಸಿಂಗಪುರಕ್ಕೆ ಹೊರಟರೆ ಅದನ್ನು ವಿಹಾರವೆಂದು ಎಣಿಸಲಾಗದು. 2020ರ ವಸಂತದಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ದಾರಿಗಾಗಿ ನ್ಯಾಯಾಲಯದ ಕಡೆಗೆ ನೋಡಬೇಕಾಯಿತು. ಗಡಿನಾಡಿನವರ ಎಲ್ಲ ಪ್ರಯಾಣಗಳೂ ಒಂದೇ ತೂಕದವಲ್ಲವೆಂಬುದಕ್ಕೆ ಅದಕ್ಕಿಂತ ಕಠೋರವಾದ ಸಾಕ್ಷಿ ಬೇಡ. ತಡೆಯಲಾಗದ ಪ್ರಯಾಣಕ್ಕೆ ಅನಿಶ್ಚಿತತೆಯನ್ನು ಹೊತ್ತೇ ಹೋಗಬೇಕು. ಮುಂದೂಡಬಹುದಾದದ್ದನ್ನು ಮುಂದೂಡುವುದರಿಂದ ಸಿಂಗಪುರ ಎಲ್ಲಿಗೂ ಓಡಿಹೋಗುವುದಿಲ್ಲ. ಯೇರ್ಕಾಡು ಸಮೀಪದಲ್ಲಿದೆ, ಹೊಗೇನಕಲ್ಲಿನ ತೆಪ್ಪಗಳು ಕಾಯುತ್ತಿವೆ.

ಇದೆಲ್ಲ ಮುಗಿದ ಕಥೆಯೆಂದು ತೋರಬಹುದು. 2022ರ ನವೆಂಬರ್ 22ರಂದು ಭಾರತವು ವಿದೇಶದಿಂದ ಬರುವವರು ತುಂಬಬೇಕಿದ್ದ ಆನ್‌ಲೈನ್ ನಮೂನೆಯನ್ನು ಕೈಬಿಟ್ಟಾಗಲೂ ಹಾಗೆಯೇ ತೋರಿತ್ತು. ಆರು ವಾರ ಕಳೆಯುವುದರೊಳಗೆ, 2023ರ ಜನವರಿ 1ರಿಂದ, ಚೀನಾ, ಹಾಂಗ್‌ಕಾಂಗ್, ಜಪಾನ್, ದಕ್ಷಿಣ ಕೊರಿಯಾ, ಸಿಂಗಪುರ, ಥಾಯ್ಲೆಂಡ್‌ಗಳಿಂದ ಬರುವವರಿಗೆ ಪ್ರಯಾಣಕ್ಕೆ ಮುನ್ನ ಪರೀಕ್ಷೆ ಮತ್ತೆ ಕಡ್ಡಾಯವಾಯಿತು. ವರ್ಷಾಂತ್ಯದ ರಜೆಗೆ ಹೋಗಿದ್ದವರಿಗೆ ಹೊರಟ ದಿನ ಇಲ್ಲದಿದ್ದ ನಿಯಮ ಮರಳುವ ದಿನ ಎದುರಾಯಿತು. ಬಾಗಿಲು ಮುಚ್ಚಲು ಮುಂದೊಮ್ಮೆ ರೋಗವೇ ಬರಬೇಕೆಂದಿಲ್ಲ. ನೆರೆ, ಯುದ್ಧ, ಮುಷ್ಕರ ಯಾವುದೂ ಸಾಕು.

ಆದ್ದರಿಂದ ಈ ರಜೆಗೆ ಎಲ್ಲಿಗಾದರೂ ಹೊರಡುವ ಮನೆಯಲ್ಲಿ ಟಿಕೆಟಿಗೆ ಮುನ್ನ ಒಂದು ಸಂಜೆ ಎಲ್ಲರೂ ಕೂಡಿ ಕುಳಿತುಕೊಳ್ಳುವುದು ಒಳ್ಳೆಯದು. ಮರಳುವುದು ಹತ್ತು ದಿನ ತಡವಾದರೆ ಹಣ ಎಲ್ಲಿಂದ, ಉಳಿಯುವುದು ಎಲ್ಲಿ, ಊರಿನಲ್ಲಿ ಹಿರಿಯರನ್ನೂ ದನಕರುಗಳನ್ನೂ ನೋಡುವವರು ಯಾರು, ಶಾಲೆಗೆ ತಿಳಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಧೈರ್ಯವಾಗಿ ಹೋಗಿಬರಬಹುದು. ಸಿಗದಿದ್ದರೆ, ಉತ್ತರ ಸಿಗುವವರೆಗೆ ಕಾಯಬಹುದು. ಆ ಮಾತುಕತೆಯ ಟಿಪ್ಪಣಿಯನ್ನು ಮನೆಯ ಕನ್ನಡ ಶಾಲೆಯ ಮಗುವೇ ಬರೆದುಕೊಳ್ಳಲಿ.