ಕೈಯ ಲೆಕ್ಕ, ಕಸುಬಿನ ಲೆಕ್ಕ

ದುಡಿಮೆಯ ನಡುವೆ ಬೆರಳನ್ನೋ ಕಣ್ಣನ್ನೋ ಕಳೆದುಕೊಂಡ ಕಾರ್ಮಿಕನಿಗೆ ಸಲ್ಲತಕ್ಕ ಪರಿಹಾರವನ್ನು ಯಾವ ಮಾನದಿಂದ ಅಳೆಯಬೇಕು? ನಷ್ಟವಾದ ಅವಯವದಿಂದಲೋ, ಆ ಅವಯವದ ಬಲದಿಂದ ಅವನು ನಡೆಸಿಕೊಂಡು ಬಂದ ಕಸುಬಿನಿಂದಲೋ? ಮೇಲ್ನೋಟಕ್ಕೆ ಇದು ವೈದ್ಯರೂ ವಕೀಲರೂ ತಮ್ಮತಮ್ಮೊಳಗೆ ಬಗೆಹರಿಸಿಕೊಳ್ಳಬಹುದಾದ ಸೂಕ್ಷ್ಮವೆಂದು ತೋರೀತು. ಆದರೆ ನಮ್ಮ ಪರಿಹಾರವ್ಯವಸ್ಥೆಯ ಸತ್ತ್ವವೂ ದೌರ್ಬಲ್ಯವೂ ಈ ಒಂದು ಪ್ರಶ್ನೆಯಲ್ಲಿಯೇ ಅಡಗಿವೆಯೆಂದು ನನ್ನ ಅಭಿಪ್ರಾಯ.

ಹಳೆಯ ಇಂಗ್ಲಿಷ್ ನ್ಯಾಯಪದ್ಧತಿಯಲ್ಲಿ ಮೊಕದ್ದಮೆ ಈ ಪ್ರಶ್ನೆಯವರೆಗೆ ಬರುವುದೇ ದುರ್ಲಭವಾಗಿತ್ತು. ಮಾಂಸದ ವ್ಯಾಪಾರಿಯೊಬ್ಬನ ಆಳು, ಮಿತಿಮೀರಿ ಹೇರಿದ್ದ ಗಾಡಿ ಕುಸಿದು ತೊಡೆ ಮುರಿದುಕೊಂಡಾಗ, ಧಣಿ ಅದಕ್ಕೆ ಹೊಣೆಯಲ್ಲವೆಂದು 1837ರಲ್ಲಿ ಅಲ್ಲಿನ ನ್ಯಾಯಾಲಯ ನಿರ್ಣಯಿಸಿತು. ಜೊತೆಗಾರನ ಅಜಾಗರೂಕತೆಯಿಂದ ಒದಗಿದ ಅಪಾಯವನ್ನು ಆಳು ಕೆಲಸಕ್ಕೆ ಸೇರುವಾಗಲೇ ಒಪ್ಪಿಕೊಂಡಿರುತ್ತಾನೆಂಬ ವಿಚಿತ್ರ ಸಿದ್ಧಾಂತ ಅದರಿಂದ ಬೆಳೆಯಿತು. ಜರ್ಮನಿ 1884ರಲ್ಲಿಯೂ ಇಂಗ್ಲೆಂಡ್ 1897ರಲ್ಲಿಯೂ ಬೇರೆ ದಾರಿ ಹಿಡಿದವು. ನಮ್ಮ 1923ರ ಕಾರ್ಮಿಕರ ಪರಿಹಾರ ಕಾಯಿದೆ ಆ ಪರಂಪರೆಯದು. ಅಪಘಾತವು ಕೆಲಸದ ನಿಮಿತ್ತವಾಗಿ, ಕೆಲಸದ ಅವಧಿಯಲ್ಲಿ ಸಂಭವಿಸಿದ್ದರೆ ಸಾಕು, ಧಣಿಯ ತಪ್ಪನ್ನು ರುಜುವಾತುಪಡಿಸುವ ಭಾರ ಗಾಯಾಳುವಿನ ಮೇಲಿಲ್ಲ. ಇದಕ್ಕೆ ಪ್ರತಿಯಾಗಿ ಅವನು ಒಂದನ್ನು ಬಿಟ್ಟುಕೊಟ್ಟನು: ಪರಿಹಾರದ ಮೊತ್ತ ಕೋಷ್ಟಕಕ್ಕೆ ಕಟ್ಟುಬಿದ್ದಿತು.

ಆ ಕೋಷ್ಟಕವನ್ನು ಓದುವವನಿಗೆ ಮನುಷ್ಯದೇಹವನ್ನು ಅಂಗಡಿಯ ದರಪಟ್ಟಿಯಂತೆ ಬರೆದಿಟ್ಟಿರುವುದು ಕಾಣುತ್ತದೆ. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ, ತೋರುಬೆರಳು ಪೂರ್ತಿ ಹೋದರೆ 14, ಉಂಗುರಬೆರಳಿಗೆ 7, ಒಂದು ಕೈಯ ನಾಲ್ಕೂ ಬೆರಳುಗಳಿಗೆ 50. ಮೂವತ್ತು ವರ್ಷದ ಕಾರ್ಮಿಕನ ತಿಂಗಳ ಸಂಬಳ 25,000 ರೂಪಾಯಿ ಇದ್ದರೂ 2020ರ ಜನವರಿಯಲ್ಲಿ ಗೊತ್ತುಪಡಿಸಿದ ಮಿತಿಯಂತೆ 15,000ವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಅದರ ಶೇಕಡಾ 60ನ್ನು ಅವನ ವಯಸ್ಸಿಗೆ ನಿಗದಿಯಾದ 207.98 ಎಂಬ ಅಂಕದಿಂದ ಗುಣಿಸಿದರೆ ಪೂರ್ಣ ಅಶಕ್ತತೆಯ ಪರಿಹಾರ 18,71,820 ರೂಪಾಯಿ ಬರುತ್ತದೆ. ತೋರುಬೆರಳಿನ ಪಾಲಿಗೆ ಬೀಳುವುದು ಸುಮಾರು 2,62,000. ಕಳೆದುಹೋದದ್ದು ಶಾಲೆಯ ಕಾವಲುಗಾರನ ಬೆರಳೋ ಅಕ್ಕಸಾಲಿಯ ಬೆರಳೋ ಎಂದು ಪಟ್ಟಿ ವಿಚಾರಿಸುವುದಿಲ್ಲ.

ಅದನ್ನು ವಿಚಾರಿಸಿದುದು ಸುಪ್ರೀಂ ಕೋರ್ಟು. ಒರಿಸ್ಸಾದ ಬಡಗಿಯೊಬ್ಬನು ಚಿತ್ರಮಂದಿರದ ಅಲಂಕಾರದ ಕೆಲಸದಲ್ಲಿದ್ದಾಗ ಬಿದ್ದು, ಅವನ ಎಡಗೈಯನ್ನು ಮೊಣಕೈಯ ಮೇಲ್ಭಾಗದಲ್ಲಿ ಕತ್ತರಿಸಬೇಕಾಯಿತು. ಪಟ್ಟಿಯ ಪ್ರಕಾರ ಇದು ಭಾಗಶಃ ಅಶಕ್ತತೆ ಮಾತ್ರವೆಂದು ಮಾಲೀಕನ ವಾದ. ಆದರೆ ಅಪಘಾತದ ಹೊತ್ತಿಗೆ ತಾನು ಮಾಡಬಲ್ಲವನಾಗಿದ್ದ ಕೆಲಸವನ್ನೆಲ್ಲ ಮಾಡಲಾರದಂತಾಗುವುದೇ ಪೂರ್ಣ ಅಶಕ್ತತೆಯೆಂದು ಕಾಯಿದೆಯ ವ್ಯಾಖ್ಯೆ. ಒಂಟಿ ಕೈಯಿಂದ ಬಡಗಿತನ ನಡೆಯದು. ಆದಕಾರಣ ನಷ್ಟ ನೂರಕ್ಕೆ ನೂರು ಎಂದು 1975ರ ಡಿಸೆಂಬರಿನಲ್ಲಿ ತೀರ್ಪಾಯಿತು.

ಈ ತೀರ್ಪಿನ ವ್ಯಾಪ್ತಿ ಮೊತ್ತವೊಂದಕ್ಕೇ ಸೀಮಿತವಲ್ಲವೆಂಬುದನ್ನು ನಾವು ಸಾಕಷ್ಟು ಗಮನಿಸಿಲ್ಲ. ಕಾಯಿದೆಯಲ್ಲಿ ಮಾಲೀಕನಿಗೆ ವಿನಾಯಿತಿಗಳುಂಟು: ಗಾಯಾಳು ಮದ್ಯದ ಅಮಲಿನಲ್ಲಿದ್ದರೆ, ಸುರಕ್ಷತೆಯ ಆಜ್ಞೆಯನ್ನು ಬೇಕೆಂದೇ ಮೀರಿದ್ದರೆ, ಯಂತ್ರದ ರಕ್ಷಣಾಕವಚವನ್ನು ತಾನೇ ಕಿತ್ತಿದ್ದರೆ ಪರಿಹಾರ ಕೊಡಬೇಕಾಗಿಲ್ಲ. ಆದರೆ ಮರಣದಲ್ಲಿಯೂ ಶಾಶ್ವತ ಪೂರ್ಣ ಅಶಕ್ತತೆಯಲ್ಲಿಯೂ ಈ ವಿನಾಯಿತಿ ಅನ್ವಯಿಸದು. ಹಾಗಾದರೆ ಅದು ಯಾರಿಗೆ ತಗಲುತ್ತದೆ? ಪವರ್ ಪ್ರೆಸ್ಸಿನ ಮುಂದೆ ನಿಂತು, ಎರಡು ಗುಂಡಿಗಳನ್ನು ಎರಡು ಕೈಗಳಿಂದ ಒಮ್ಮೆಲೇ ಒತ್ತಿದರಲ್ಲದೆ ಡೈ ಇಳಿಯದಂತೆ ಮಾಡಿದ ಏರ್ಪಾಡನ್ನು, ಪಾಳಿಯ ಎಣಿಕೆ ತುಂಬಿಸುವ ಅವಸರದಲ್ಲಿ ಕಾಲ್ಮೆಟ್ಟಿಗೆ ಬದಲಾಯಿಸಿಕೊಂಡು, ಎರಡು ಬೆರಳು ಕಳೆದುಕೊಂಡವನಿಗೆ. ಆ ಬದಲಾವಣೆಯನ್ನು ಮೇಸ್ತ್ರಿ ಕಂಡೂ ಕಾಣದಂತಿದ್ದನೆಂಬುದು ಯಾವ ಕಾಗದದಲ್ಲಿಯೂ ಇರುವುದಿಲ್ಲ. ನಷ್ಟವನ್ನು ಕಸುಬಿನಿಂದ ಅಳೆದು, ಆ ಕೈಯಿಂದ ಅವನು ಬಲ್ಲ ಕೆಲಸವಾವುದೂ ಸಾಗದೆಂದು ಕಂಡುಬಂದರೆ ವಿನಾಯಿತಿಯೇ ಬಿದ್ದುಹೋಗುತ್ತದೆ. ಬೆರಳೆಣಿಸಿ ಅಳೆದರೆ ಅದು ಹಾಗೆಯೇ ನಿಲ್ಲುತ್ತದೆ. ಅಳತೆಗೋಲು ಹೀಗೆ ಹಕ್ಕಿನ ಪ್ರಮಾಣವನ್ನಲ್ಲದೆ ಹಕ್ಕಿನ ಅಸ್ತಿತ್ವವನ್ನೂ ನಿರ್ಧರಿಸಿಬಿಡುತ್ತದೆ.

ಪಟ್ಟಿಯ ಪರವಾಗಿಯೂ ಹೇಳತಕ್ಕದ್ದುಂಟು. ನಿಶ್ಚಿತವಾದ ಅಂಕ ಬೇಗ ಕೈಗೆ ಬರುತ್ತದೆ. ಒಬ್ಬೊಬ್ಬನ ಕಸುಬನ್ನೂ ವಿಚಾರಿಸಹೊರಟರೆ ವರ್ಷಗಳು ಉರುಳುತ್ತವೆ, ಅಷ್ಟರಲ್ಲಿ ಮನೆಯ ಒಲೆ ಕಾಯುವುದಿಲ್ಲ. ಈ ಆಕ್ಷೇಪ ಬಲವಾದದ್ದೇ. ಆದರೆ ವಿಳಂಬಕ್ಕೆ ಮದ್ದು 1923ರ ಕಾಯಿದೆಯೊಳಗೇ ಇತ್ತು: ವಿವಾದವಿದ್ದರೂ ಮಾಲೀಕನು ತಾನು ಒಪ್ಪಿದಷ್ಟು ಹಣವನ್ನು ಮೊದಲು ಕೊಡಬೇಕಿತ್ತು, ತಿಂಗಳು ಮೀರಿದರೆ ಶೇಕಡಾ 12ರ ಬಡ್ಡಿ, ಸಕಾರಣವಿಲ್ಲದ ತಡಕ್ಕೆ ಶೇಕಡಾ 50ರವರೆಗೆ ದಂಡ. ಆದ್ದರಿಂದ ಪಟ್ಟಿಯ ಅಂಕವನ್ನು ಕೂಡಲೇ ಕೊಡತಕ್ಕ ಕನಿಷ್ಠವೆಂದು ಭಾವಿಸಿ, ಕಸುಬಿನ ವಿಚಾರಣೆಯನ್ನು ಅದರ ಮೇಲೆ ನಡೆಸುವುದಕ್ಕೆ ಏನಡ್ಡಿ?

ನಿಜವಾದ ಅಡ್ಡಿ ಬೇರೆಡೆಯಿದೆ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ, ಅರಿವಳಿಕೆಯ ಮಂಪರು ಇಳಿಯುವ ಮೊದಲೇ, ಇಷ್ಟು ಸಾವಿರಕ್ಕೆ ರಾಜಿಯಾಯಿತು, ಇನ್ನು ಯಾವ ಹಕ್ಕೂ ಇಲ್ಲವೆಂದು ಬರೆದ ಛಾಪಾ ಕಾಗದ ಬರುತ್ತದೆ. ಬಲಗೈಗೆ ಪಟ್ಟಿ ಕಟ್ಟಿರುವುದರಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಇಂಥ ಕರಾರನ್ನು 1923ರ ಕಾಯಿದೆಯೇ ಶೂನ್ಯವೆಂದು ಸಾರಿತ್ತು. ಗುತ್ತಿಗೆದಾರನ ಆಳಿಗೆ ಮೂಲ ಮಾಲೀಕನೂ ಹೊಣೆಯೆಂದು ಹೇಳಿತ್ತು. ಅಹವಾಲು ಸಲ್ಲಿಸಲು ಎರಡು ವರ್ಷದ ಕಾಲಾವಕಾಶ ಕೊಟ್ಟಿತ್ತು. ಹೆಬ್ಬೆಟ್ಟು ಒತ್ತಿದವನಿಗೆ ಇದನ್ನು ತಿಳಿಸುವವರು ಆ ವಾರ್ಡಿನಲ್ಲಿ ಇರುವುದಿಲ್ಲ.

ನೌಕರರ ರಾಜ್ಯ ವಿಮಾ ಯೋಜನೆಯ (ಇ.ಎಸ್.ಐ.) ವ್ಯಾಪ್ತಿಗೆ ಸೇರಿದವನು ಈ ಕಾಯಿದೆಯ ಮೊರೆಹೋಗುವಂತಿರಲಿಲ್ಲ. ಅವನಿಗೆ ಇಡಿಗಂಟಿನ ಬದಲು ಆಜೀವ ಮಾಸಾಶನವುಂಟು, ಇಡಿಗಂಟು ಸಾಲಗಾರರ ಪಾಲಾಗುವ ಸಂಸಾರಗಳಲ್ಲಿ ಅದೇ ಲೇಸೆಂದು ನನಗೆ ತೋರುತ್ತದೆ. ಆದರೆ ಅಲ್ಲಿಯೂ ಶೇಕಡಾವಾರು ನಿರ್ಣಯ ವೈದ್ಯಕೀಯ ಮಂಡಲಿಯದು. 2020ರ ಸಾಮಾಜಿಕ ಭದ್ರತಾ ಸಂಹಿತೆ 1923ರ ಕಾಯಿದೆಯನ್ನೂ ಇ.ಎಸ್.ಐ. ಕಾಯಿದೆಯನ್ನೂ ಒಂದೇ ಸೂರಿನಡಿ ತಂದಿತು. ಪಟ್ಟಿ ಹಾಗೆಯೇ ಉಳಿಯಿತು. ಮಂಡಲಿಯ ಮುಂದೆ ಕೈಚಾಚಿ ನಿಂತವನನ್ನು ಯಾವ ಯಂತ್ರದಲ್ಲಿ ಎಷ್ಟು ವರ್ಷ ದುಡಿದೆಯೆಂದೂ, ಆ ಕೈಯಿಂದ ಇನ್ನು ಏನು ಮಾಡಬಲ್ಲೆಯೆಂದೂ ಕೇಳಿ, ಅವನ ಉತ್ತರವನ್ನು ಪ್ರಮಾಣಪತ್ರದಲ್ಲಿಯೇ ಬರೆಯತಕ್ಕದ್ದೆಂದು ನಿಯಮದಲ್ಲಿ ಒಂದು ಕಲಮು ಸೇರಿಸುವುದು ಸರ್ಕಾರಕ್ಕೆ ಖರ್ಚಿನ ಬಾಬತ್ತೇನೂ ಅಲ್ಲ.