ಸುಟ್ಟ ಕೈಗೆ ಮುಲಾಮು, ಕೆಟ್ಟ ಕುಕ್ಕರಿಗೆ ಪತ್ರ

ನಿಮ್ಮ ಅಡುಗೆಮನೆಯ ಪ್ರೆಶರ್ ಕುಕ್ಕರನ್ನು ಯಾವ ವರ್ಷ ಕೊಂಡಿರಿ? ಅದರ ಬಿಲ್ಲು ಎಲ್ಲಿದೆ? ಮುಚ್ಚಳದ ಮೇಲಿರುವ ಸುರಕ್ಷತಾ ಕವಾಟ ಎಂತಹ ಸ್ಥಿತಿಯಲ್ಲಿದೆ? ಉತ್ತರ ಹೊಳೆಯದಿದ್ದರೆ ನಾಚಿಕೊಳ್ಳಬೇಡಿ. ಕಳೆದ ರಮಝಾನ್‌ವರೆಗೆ ಈ ಪ್ರಶ್ನೆಗಳನ್ನು ನಾನೂ ಕೇಳಿಕೊಂಡವನಲ್ಲ.

ಅಂದು ಇಫ್ತಾರ್‌ಗೆ ಇನ್ನೂ ಒಂದು ಗಂಟೆ ಇತ್ತು. ನನ್ನ ಪತ್ನಿ ಹಲೀಮ್‌ಗೆಂದು ಗೋಧಿ, ಬೇಳೆ ಬೇಯಲು ಇಟ್ಟಿದ್ದಳು. ಕುಕ್ಕರ್ ಕೊಂಡು ಹದಿನಾಲ್ಕು ತಿಂಗಳಾಗಿತ್ತು. ಎರಡು ಸಲ ಕೂಗಿ ಸುಮ್ಮನಾಯಿತು. ಮೂರನೆಯ ಕೂಗು ಬರಲಿಲ್ಲವಲ್ಲ ಎಂದು ಒಲೆ ಆರಿಸಲು ಕೈ ಚಾಚಿದಳು, ಮುಚ್ಚಳ ಹಾರಿತು. ಕುದಿಯುವ ಬೇಳೆ ಬಲಗೈಯ ಮೇಲೆ ಮೊಣಕೈವರೆಗೆ ಬಿತ್ತು. ಮುಖಕ್ಕೆ ತಾಗಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ನಾನು ಕ್ಲಿನಿಕ್ಕಿನಿಂದ ಓಡಿ ಬಂದಾಗ ಪಕ್ಕದ ಮನೆಯವರು ಟೂತ್‌ಪೇಸ್ಟ್ ಹಿಡಿದು ನಿಂತಿದ್ದರು. ಪಾಪ, ಸಹಾಯಕ್ಕೆಂದೇ ಬಂದವರು. ಆದರೆ ಸುಟ್ಟ ಗಾಯಕ್ಕೆ ಪೇಸ್ಟ್, ತುಪ್ಪ, ಶಾಯಿ, ಅರಿಶಿನ, ಮಂಜುಗಡ್ಡೆ ಯಾವುದೂ ಬೇಡ. ಬಳೆ, ಉಂಗುರಗಳನ್ನು ಬಾವು ಬರುವ ಮೊದಲೇ ತೆಗೆಯಿರಿ. ನಲ್ಲಿಯ ಹರಿಯುವ ತಣ್ಣೀರಿನಡಿ ಇಪ್ಪತ್ತು ನಿಮಿಷ ಹಿಡಿಯಿರಿ. ಬೊಬ್ಬೆ ಒಡೆಯಬೇಡಿ. ಶುಭ್ರ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಗಾಯ ಅಂಗೈಗಿಂತ ದೊಡ್ಡದಿದ್ದರೆ, ಅಥವಾ ಮುಖ, ಕೈ, ಕೀಲುಗಳ ಮೇಲಿದ್ದರೆ ಆಸ್ಪತ್ರೆಗೆ ಹೋಗಿ. ಮರ್ಹಮ್ ಬರೆದುಕೊಡುವ ಯುನಾನಿ ವೈದ್ಯನಾದ ನಾನೇ ಹೇಳುತ್ತಿದ್ದೇನೆ: ಮೊದಲ ಮದ್ದು ನೀರು, ಮರ್ಹಮ್ ಅಲ್ಲ. ಪತ್ನಿಯನ್ನು ನಾನೂ ಆಸ್ಪತ್ರೆಗೇ ಕರೆದೊಯ್ದೆ.

ನಾನು ಕೇಳದೆ ಬಿಟ್ಟ ಪ್ರಶ್ನೆ

ನಾಲ್ಕು ದಿನಗಳ ನಂತರ ಒಬ್ಬ ಹೆಣ್ಣುಮಗಳು ಪತ್ನಿಯನ್ನು ನೋಡಲು ಬಂದರು. ಎರಡು ವರ್ಷಗಳ ಹಿಂದೆ ಇದೇ ರೀತಿ ಕೈ ಸುಟ್ಟುಕೊಂಡು ನನ್ನಲ್ಲಿಗೆ ಬಂದಿದ್ದವರು. ಅಡುಗೆಮನೆಯ ಮೂಲೆಯಲ್ಲಿದ್ದ ಕುಕ್ಕರ್ ನೋಡಿ, "ಡಾಕ್ಟರೇ, ನಮ್ಮದೂ ಇದೇ ಕಂಪನಿಯದು, ಹೀಗೇ ಆಯಿತು" ಎಂದರು. ಆ ಕುಕ್ಕರ್ ಎಲ್ಲಿದೆ ಎಂದು ಕೇಳಿದೆ. "ಗುಜರಿಯವನಿಗೆ ಕೊಟ್ಟುಬಿಟ್ಟೆವು."

ಅಂದು ನಾನು ಅವರ ಗಾಯ ನೋಡಿದ್ದೆ, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದ್ದೆ, ಏನು ತಿನ್ನಬೇಕು ಎಂದು ಹೇಳಿದ್ದೆ. ಕುಕ್ಕರ್ ಯಾವುದು, ಅದರಲ್ಲಿ ಏನು ಕೆಟ್ಟಿತ್ತು ಎಂದು ಮಾತ್ರ ಕೇಳಿರಲಿಲ್ಲ. ರೋಗದ ಕಾರಣ ಹುಡುಕದೆ ಲಕ್ಷಣಕ್ಕೆ ಮಾತ್ರ ಮದ್ದು ಕೊಡುವವನು ಹಕೀಮನಲ್ಲ ಎಂದು ಗುರುಗಳು ಹೇಳಿಕೊಟ್ಟಿದ್ದರು. ಕಾರಣ ಗುಜರಿಗೆ ಹೋಯಿತು. ಅಂತಹದೇ ಕುಕ್ಕರ್ ನನ್ನ ಮನೆಗೆ ಬಂತು. ಅಂದು ಅವರಿಂದ ಒಂದು ಪತ್ರ ಬರೆಸಿದ್ದರೆ ಏನಾಗುತ್ತಿತ್ತು ಎಂಬ ಯೋಚನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ತಪ್ಪು ಯಾರದು?

ಕುಕ್ಕರಿನೊಳಗೆ ಒತ್ತಡ ಹೆಚ್ಚುವುದರಿಂದ ನೀರು 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿಯಲ್ಲಿ ಕುದಿಯುತ್ತದೆ. ಹೆಚ್ಚಿನ ಆವಿ ವಿಸಿಲ್ ಇರುವ ಕೊಳವೆಯಿಂದ ಹೊರಹೋಗುತ್ತದೆ. ಬೇಳೆಯ ನೊರೆಯೋ ಸಿಪ್ಪೆಯೋ ಆ ಕೊಳವೆಗೆ ಸಿಕ್ಕಿಕೊಂಡರೆ ಒತ್ತಡವೂ ಶಾಖವೂ ಏರುತ್ತವೆ. ಆಗ ಸುರಕ್ಷತಾ ಕವಾಟದಲ್ಲಿರುವ ಬೇಗ ಕರಗುವ ಲೋಹ ಕರಗಿ ಆವಿಗೆ ದಾರಿ ಬಿಡಬೇಕು. ನಮ್ಮ ಮನೆಯಲ್ಲಿ ಕೊಳವೆ ಕಟ್ಟಿಕೊಂಡಿತ್ತು, ನಿಜ. ಕವಾಟದ ಲೋಹ ಮಾತ್ರ ಹಾಗೆಯೇ ಗಟ್ಟಿಯಾಗಿ ಕುಳಿತಿತ್ತು.

ಕಂಪನಿಗೆ ಫೋನ್ ಮಾಡಿದಾಗ ಬಂದ ಮೊದಲ ಉತ್ತರ: "ಮೇಡಮ್ ಕೊಳವೆ ಸರಿಯಾಗಿ ತೊಳೆದಿಲ್ಲ." ಓದುಗರೇ, ಇಲ್ಲಿ ಒಂದು ಮಾತನ್ನು ಗಮನಿಸಿ. ಕೊಳವೆ ಕಟ್ಟಿಕೊಳ್ಳುವ ದಿನಕ್ಕಾಗಿಯೇ ಅಲ್ಲವೇ ಸುರಕ್ಷತಾ ಕವಾಟ ಇರುವುದು? ಆ ಒಂದು ದಿನ ಕೆಲಸ ಮಾಡದ ಕವಾಟ ಉಳಿದ ದಿನಗಳಲ್ಲಿ ಮುಚ್ಚಳದ ಮೇಲಿನ ಅಲಂಕಾರ ಅಷ್ಟೆ. ನಾನು ಅಷ್ಟನ್ನೇ ಹೇಳಿದೆ. ಎರಡನೆಯ ಉತ್ತರ ಬಂತು: "ಹಳೆಯದನ್ನು ಅಂಗಡಿಗೆ ಕೊಡಿ, ಹೊಸ ಮುಚ್ಚಳ ಕೊಡುತ್ತೇವೆ." ಲಿಖಿತ ರಸೀದಿ ಇಲ್ಲದೆ ಕೊಡುವುದಿಲ್ಲ ಎಂದೆ. ಕುಕ್ಕರೇ ಸಾಕ್ಷಿ. ಅದು ಕೈಬಿಟ್ಟರೆ ನಮ್ಮಲ್ಲಿ ಉಳಿಯುವುದು ಗಾಯದ ಕಲೆ ಮಾತ್ರ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ತಪ್ಪು ಯಾವಾಗಲೂ ತಯಾರಕರದೇ ಅಲ್ಲ. ಕುಕ್ಕರನ್ನು ಮೂರನೇ ಎರಡು ಭಾಗಕ್ಕಿಂತ ಹೆಚ್ಚು ತುಂಬಬಾರದು. ಬೇಳೆ, ಧಾನ್ಯಕ್ಕೆ ಅರ್ಧವೇ ಮಿತಿ. ಸಂತೆಯಲ್ಲಿ ಸಿಕ್ಕ ಅಗ್ಗದ ಗ್ಯಾಸ್ಕೆಟ್, ಕವಾಟ ಹಾಕಿ ಅನಾಹುತವಾದರೆ ಕಂಪನಿಯನ್ನು ದೂರುವುದು ಸುಳ್ಳು ಹೇಳಿದಂತೆ. ನಾವು ಸತ್ಯ ಹೇಳಿದಾಗಲೇ ನಮ್ಮ ದೂರಿಗೆ ಬಲ.

ದೂರು ಬರೆಯುವುದು ಹೇಗೆ?

ನನ್ನ ಬಳಿ ಬರುವ ರೋಗಿಗಳಲ್ಲಿ ಎರಡು ಬಗೆ. "ಸಾಯುತ್ತಿದ್ದೇನೆ ಡಾಕ್ಟರೇ" ಎನ್ನುವವರು ಒಬ್ಬರು, "ಮೂರು ದಿನದಿಂದ, ಊಟವಾದ ಮೇಲೆ, ಇಲ್ಲಿ ನೋವು" ಎನ್ನುವವರು ಇನ್ನೊಬ್ಬರು. ಎರಡನೆಯವರಿಗೆ ಬೇಗ ಚಿಕಿತ್ಸೆ ಸಿಗುತ್ತದೆ. ದೂರಿನ ಪತ್ರವೂ ಹಾಗೆಯೇ ಇರಲಿ. ಯಾವಾಗ, ಎಲ್ಲಿ ಕೊಂಡಿರಿ. ಮಾದರಿ, ಕ್ರಮಸಂಖ್ಯೆ ಏನು. ಯಾವ ದಿನ, ಎಷ್ಟು ಹೊತ್ತಿಗೆ ಏನಾಯಿತು. ಯಾರಿಗೆ ಎಷ್ಟು ಗಾಯವಾಯಿತು. ನಿಮಗೆ ಏನು ಬೇಕು. ಬೈಗುಳ ಬೇಡ. ಗಾಯದ ಮತ್ತು ಕುಕ್ಕರಿನ ಫೋಟೋ, ಬಿಲ್ಲು, ಆಸ್ಪತ್ರೆಯ ಚೀಟಿ ಇವುಗಳ ಪ್ರತಿ ಮಾತ್ರ ಕಳಿಸಿ, ಮೂಲ ನಿಮ್ಮಲ್ಲಿರಲಿ. ನಮ್ಮ ಬಿಲ್ಲು ಮಗಳ ಹಳೆಯ ಪಠ್ಯಪುಸ್ತಕದೊಳಗೆ ಸಿಕ್ಕಿತು! ಕುಕ್ಕರನ್ನು ತೊಳೆಯಬೇಡಿ, ರಿಪೇರಿ ಮಾಡಿಸಬೇಡಿ.

ಗ್ರಾಹಕರು ದೂರಲು ಬೇಕಾದ ವಿಳಾಸ, ಫೋನ್, ಇಮೇಲ್ ಪೊಟ್ಟಣದ ಮೇಲೆ ಇರಲೇಬೇಕೆಂಬುದು ಕಾನೂನು. ಇಮೇಲ್ ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ಉತ್ತರಕ್ಕೆ ಹದಿನೈದು ದಿನ ಕೊಡಿ. ಕುಕ್ಕರಿನ ಮೇಲೆ ಐಎಸ್‌ಐ ಗುರುತು ಇದೆಯೇ ನೋಡಿ. 2021ರ ಫೆಬ್ರವರಿ 1ರಿಂದ ಮನೆಬಳಕೆಯ ಪ್ರೆಶರ್ ಕುಕ್ಕರ್‌ಗೆ ಅದು ಕಡ್ಡಾಯ. ಗುರುತಿನ ಜೊತೆ ಐಎಸ್ 2347 ಎಂಬ ಮಾನಕ ಸಂಖ್ಯೆಯೂ ಸಿಎಂ/ಎಲ್ ಎಂದು ಆರಂಭವಾಗುವ ಪರವಾನಗಿ ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆ ಅಸಲಿಯೇ ಎಂದು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಬಹುದು, ಅಲ್ಲಿಯೇ ದೂರನ್ನೂ ಕೊಡಬಹುದು.

ಕಂಪನಿ ಕಿವುಡಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷಪೂರಿತ ವಸ್ತುವಿನಿಂದ ಆದ ಗಾಯಕ್ಕೆ ತಯಾರಕರು ಹೊಣೆ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ವಕೀಲರು ಬೇಕೆಂದೇನೂ ಇಲ್ಲ. ಕೊಂಡ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು, ಅಷ್ಟೆ.

ಸಬ್ರ್ ಎಂದರೆ ಮೌನವೇ?

"ಬಿಡಿ, ಹಣೆಬರಹ. ಸಬ್ರ್ ಮಾಡೋಣ" ಎಂದಳು ಪತ್ನಿ. ನಮ್ಮ ಮನೆಗಳಲ್ಲಿ ಈ ಮಾತು ಬಹಳ ಕೇಳುತ್ತೇವೆ, ಅದರಲ್ಲೂ ಹೆಣ್ಣುಮಕ್ಕಳಿಂದ. ನೋವನ್ನು ಗೊಣಗದೆ ಸಹಿಸುವುದು ಸಬ್ರ್, ಒಪ್ಪುತ್ತೇನೆ. ಆದರೆ ಅದೇ ನೋವು ನಾಳೆ ಇನ್ನೊಬ್ಬಳ ಕೈಗೆ ಬರುತ್ತದೆ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಳ್ಳುವುದು ಸಬ್ರ್ ಹೇಗಾದೀತು? ಸರಕಿನ ದೋಷ ಮರೆಮಾಚಿ ಮಾರುವುದು ನಮ್ಮಲ್ಲಿ ಪಾಪ. ಹಿಂದಿನ ಮುಸ್ಲಿಮ್ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಮಾರುಕಟ್ಟೆ ಸುತ್ತಿ ತೂಕ, ಅಳತೆ, ಅಡುಗೆಯವರ ಶುಚಿತ್ವ, ಔಷಧದ ಕಲಬೆರಕೆಗಳನ್ನು ನೋಡುತ್ತಿದ್ದ. 12ನೆಯ ಶತಮಾನದ ಸಿರಿಯಾದ ಶೈಝರಿ ಬರೆದ ಮುಹ್ತಸಿಬರ ಕೈಪಿಡಿಯಲ್ಲಿ ಷರಬತ್ತು ತಯಾರಕರಿಗೂ ವೈದ್ಯರಿಗೂ ಬೇರೆಬೇರೆ ಅಧ್ಯಾಯಗಳಿವೆ. ಇಂದು ನಮ್ಮ ಅಡುಗೆಮನೆಗೆ ಯಾವ ಮುಹ್ತಸಿಬನೂ ಬರುವುದಿಲ್ಲ. ಅಲ್ಲಿ ಏನು ಕೆಟ್ಟಿದೆ ಎಂದು ಅಧಿಕಾರಿಗಳಿಗೆ ತಿಳಿಯುವುದು ನಾವು ಬರೆದರೆ ಮಾತ್ರ.

ಕೊನೆಗೆ ಪತ್ನಿಯೇ ಎಡಗೈಯಲ್ಲಿ ಆ ಪತ್ರಕ್ಕೆ ಸಹಿ ಹಾಕಿದಳು. 1915ಕ್ಕೆ ದೂರು ಕೊಟ್ಟ ಮೇಲೆ ಕಂಪನಿಯವರು ಮನೆಗೆ ಬಂದರು. ರಸೀದಿ ಕೊಟ್ಟು ಕವಾಟ ಒಯ್ದರು. ಹೊಸ ಕುಕ್ಕರ್ ಬಂತು, ಚಿಕಿತ್ಸೆಯ ಖರ್ಚೂ ಬಂತು. ಪತ್ರದಲ್ಲಿ ನಾವು ಕೇಳಿದ್ದ ಇನ್ನೊಂದು ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ: ಅದೇ ತಿಂಗಳು ತಯಾರಾದ ಉಳಿದ ಕುಕ್ಕರ್‌ಗಳ ಕವಾಟಗಳನ್ನು ಪರೀಕ್ಷಿಸಿದ್ದೀರಾ?

ನಮ್ಮ ಪಾಲಿನದು ನಮಗೆ ಸಿಕ್ಕಿತಲ್ಲ ಎಂದು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ಪ್ರಶ್ನೆಯನ್ನು ಮತ್ತೆ ಬರೆದು ಕಳಿಸಿದ್ದೇವೆ, ಮಾನಕ ಬ್ಯೂರೋಗೂ ಒಂದು ಪ್ರತಿ ಹೋಗಿದೆ. ನನ್ನ ಕ್ಲಿನಿಕ್ಕಿನಲ್ಲಿ ಈಗ ಸುಟ್ಟ ಗಾಯದೊಂದಿಗೆ ಬರುವ ಪ್ರತಿಯೊಬ್ಬರ ಚೀಟಿಯಲ್ಲೂ ಒಂದು ಸಾಲು ಹೆಚ್ಚಾಗಿದೆ: ಯಾವ ವಸ್ತುವಿನಿಂದ, ಅದು ಈಗ ಎಲ್ಲಿದೆ. ಇಂದು ರಾತ್ರಿ ಅಡುಗೆ ಮುಗಿದ ಮೇಲೆ ನಿಮ್ಮ ಕುಕ್ಕರಿನ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯ ಮೂಲಕ ಒಮ್ಮೆ ನೋಡಿ. ಬೆಳಕು ಕಂಡರೆ ಸಮಾಧಾನ. ಆಮೇಲೆ ಬಿಲ್ಲು ಹುಡುಕಿ ಜೋಪಾನವಾಗಿಡಿ.