ಊಟ ಮಾಡಿ ಬಸ್ ಹೊರಟಿತು

“ಊಟ ಮಾಡಿ ಬಸ್ ಹೊರಟಿತು” ಎಂದರೆ ಮೂರನೇ ತರಗತಿಯ ಮಗುವೂ ನಗುತ್ತದೆ. ಬಸ್ಸು ಎಲ್ಲಾದರೂ ಊಟ ಮಾಡುವುದುಂಟೆ? ಅದೇ ಮಗು ಹತ್ತನೇ ತರಗತಿಗೆ ಬಂದು ಶಾಲಾ ಪ್ರವಾಸದ ಬಗ್ಗೆ ಇಂಗ್ಲಿಷ್ ಪ್ರಬಂಧ ಬರೆಯುವಾಗ “ಹ್ಯಾವಿಂಗ್ ಈಟನ್ ಲಂಚ್, ದ ಬಸ್ ಲೆಫ್ಟ್” ಎಂದು ಬರೆದುಬಿಡುತ್ತದೆ. ಈ ಸಲ ಬಸ್ಸು ನಿಜಕ್ಕೂ ಉಂಡಿದೆ. ಆದರೆ ತರಗತಿಯಲ್ಲಿ ಯಾರಿಗೂ ನಗು ಬರುವುದಿಲ್ಲ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಮುಂದಿನ ಪುಸ್ತಕ ತೆಗೆಯುತ್ತಾರೆ.

ಇಂಗ್ಲಿಷ್ ವ್ಯಾಕರಣದಲ್ಲಿ ಇದರ ಹೆಸರು ‘ಡ್ಯಾಂಗ್ಲಿಂಗ್ ಮಾಡಿಫೈಯರ್’. ತನ್ನ ಯಜಮಾನ ಯಾರೆಂದು ಗೊತ್ತಿಲ್ಲದೆ ವಾಕ್ಯದ ಬಾಗಿಲಲ್ಲಿ ಜೋತಾಡುವ ಪದಗುಚ್ಛ. ಇದರ ದಾಯಾದಿ ‘ಮಿಸ್‌ಪ್ಲೇಸ್ಡ್ ಮಾಡಿಫೈಯರ್’. ಅಲ್ಲಿ ಯಜಮಾನ ವಾಕ್ಯದೊಳಗೇ ಇರುತ್ತಾನೆ, ಗುಚ್ಛ ಮಾತ್ರ ಇನ್ಯಾರದೋ ಪಕ್ಕ ಹೋಗಿ ಕೂತಿರುತ್ತದೆ. 1930ರ ‘ಅನಿಮಲ್ ಕ್ರ್ಯಾಕರ್ಸ್’ ಸಿನಿಮಾದಲ್ಲಿ ಗ್ರೌಚೊ ಮಾರ್ಕ್ಸ್ ತಾನು ಪೈಜಾಮದಲ್ಲಿ ಆನೆ ಹೊಡೆದ ಕತೆ ಹೇಳಿ, ಆನೆ ತನ್ನ ಪೈಜಾಮದೊಳಗೆ ಹೊಕ್ಕಿದ್ದಾದರೂ ಹೇಗೋ ಎಂದು ತಲೆ ಕೆರೆದುಕೊಳ್ಳುತ್ತಾನೆ. ಆ ಹಾಸ್ಯದ ಬಂಡವಾಳವೆಲ್ಲ ಇಷ್ಟೇ.

ನಮ್ಮಲ್ಲಿ ಈ ಪಾಠ ಬಂದಿದ್ದು ಹೆಚ್ಚಾಗಿ ರೆನ್ ಅಂಡ್ ಮಾರ್ಟಿನ್ ಮೂಲಕ. 1930ರ ದಶಕದ ಈ ಪುಸ್ತಕ ಇಂದಿಗೂ ಬ್ಯಾಂಕ್ ಪರೀಕ್ಷೆಗೆ ಓದುವವರ ಮೇಜಿನ ಮೇಲಿದೆ. ಅದರಲ್ಲೊಂದು ಚೇಳು ಬರುತ್ತದೆ. ಗೇಟಿನ ಬಳಿ ಒಬ್ಬಾತ ನಿಂತಿದ್ದ, ಚೇಳು ಕುಟುಕಿತು. ವಾಕ್ಯವನ್ನು ಕಟ್ಟಿದ ರೀತಿಯಿಂದಾಗಿ ನಿಂತಿದ್ದು ಚೇಳೇ ಎಂದಾಗುತ್ತದೆ, ಆದ್ದರಿಂದ ತಪ್ಪು ಎನ್ನುತ್ತದೆ ಪುಸ್ತಕ. ತಮಾಷೆಯೆಂದರೆ ಷೇಕ್ಸ್‌ಪಿಯರನಲ್ಲೂ ಇಂಥದ್ದೇ ಒಂದು ಜಂತುವಿದೆ. ‘ಹ್ಯಾಮ್ಲೆಟ್’ ನಾಟಕದ ಮೊದಲ ಅಂಕದಲ್ಲಿ ಸತ್ತ ರಾಜನ ಪ್ರೇತ ಬಂದು, ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿ ಸತ್ತನೆಂದು ತನ್ನ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿದ್ದಾರೆ ಎನ್ನುತ್ತದೆ. ಆ ಸಾಲಿನ ವ್ಯಾಕರಣ ಹಿಡಿದು ನೋಡಿದರೆ ಮಲಗಿದ್ದು ಹಾವು. ಷೇಕ್ಸ್‌ಪಿಯರ್ ಪಾಸು, ನಮ್ಮ ಹುಡುಗ ಫೇಲು. ಭಾಷಾವಿಜ್ಞಾನಿ ಜೆಫ್ರಿ ಪುಲಮ್ ಇದನ್ನು ವ್ಯಾಕರಣದ ಅಪರಾಧ ಎನ್ನುವುದಕ್ಕಿಂತ ಓದುಗನಿಗೆ ತೋರುವ ಅಸೌಜನ್ಯ ಎನ್ನುವುದೇ ಸರಿ ಎಂದು ವಾದಿಸಿದ್ದಾರೆ. ಒಪ್ಪಬಹುದಾದ ಮಾತು. ಆದರೆ ಪರೀಕ್ಷೆಯಲ್ಲಿ ಅಸೌಜನ್ಯಕ್ಕೂ ಅಂಕ ಹೋಗುತ್ತದೆ.

ಅಂಕ ಹೋಗುವುದಕ್ಕೆ ಹುಡುಗನ ದಡ್ಡತನ ಕಾರಣವಲ್ಲ, ಅವನ ಕನ್ನಡದ ಕಿವಿ ಕಾರಣ. ಅಲ್ಲ, ಆ ಕಿವಿಯನ್ನು ತರಗತಿಯ ಹೊರಗೇ ಬಿಟ್ಟು ಬಾ ಎನ್ನುವ ಪಾಠಕ್ರಮ ಕಾರಣ.

“ಗೇಟಿನ ಹತ್ತಿರ ನಿಂತಿದ್ದಾಗ ಚೇಳು ಕುಟುಕಿತು.” ಈ ಕನ್ನಡ ವಾಕ್ಯದಲ್ಲಿ ಯಾವ ದೋಷವೂ ಇಲ್ಲ. ‘ನಿಂತಿದ್ದಾಗ’ ಎಂಬ ರೂಪ ತನ್ನದೇ ಕರ್ತೃವನ್ನು ಇಟ್ಟುಕೊಳ್ಳಬಲ್ಲದು, ಆ ಕರ್ತೃವನ್ನು ಬಾಯಿಬಿಟ್ಟು ಹೇಳಬೇಕೆಂದೂ ಇಲ್ಲ. ನಿಂತವನು ಒಬ್ಬ, ಕುಟುಕಿದ್ದು ಇನ್ನೊಂದು, ಕೇಳುಗನಿಗೆ ಗೊತ್ತಾಗುತ್ತದೆ. ‘ನಿಂತು’, ‘ಮಾಡಿ’, ‘ನಡೆಯುತ್ತಾ’ ಎಂಬ ಕೃದಂತಾವ್ಯಯಗಳಿಗೆ ಆ ಸಲಿಗೆಯಿಲ್ಲ. “ಶಾಲೆಗೆ ನಡೆಯುತ್ತಾ ಮಳೆ ಶುರುವಾಯಿತು” ಎಂದರೆ ಮಳೆಯೇ ಬ್ಯಾಗು ಹಾಕಿಕೊಂಡು ಹೊರಟಂತೆ ಕೇಳುತ್ತದೆ. “ಮಳೆ ಬಂದು ಬೆಳೆ ಹಾಳಾಯಿತು” ಎನ್ನುವುದೂ ಉಂಟಲ್ಲ ಎಂದು ಯಾರಾದರೂ ಕೇಳಿಯಾರು. ಅಲ್ಲಿ ಬಂದದ್ದು ಯಾರೆಂದು ಮೊದಲೇ ಹೇಳಿ ಆಗಿದೆ. ಹೆಸರು ಹೇಳದೆ ಬಿಟ್ಟಾಗಲೇ ತಂಟೆ. ಸಂಸ್ಕೃತದಲ್ಲಿ ‘ಮಾಡಿ’ ಥರದ ರೂಪ ಕೊಡುವ ‘ಕ್ತ್ವಾ’ ಪ್ರತ್ಯಯಕ್ಕೆ ಪಾಣಿನಿ ಇನ್ನೂ ಬಿಗಿಯಾದ ಷರತ್ತು ಹಾಕಿದ್ದಾನೆ: ಎರಡು ಕ್ರಿಯೆಗಳಿಗೂ ಕರ್ತೃ ಒಬ್ಬನೇ ಆಗಿರಬೇಕು. ಅಷ್ಟಾಧ್ಯಾಯಿಯ ಮೂರನೇ ಅಧ್ಯಾಯ, ನಾಲ್ಕನೇ ಪಾದ, 21ನೇ ಸೂತ್ರ.

ಇಂಗ್ಲಿಷಿನ ‘ಇಂಗ್’ ಗುಚ್ಛ ನಮ್ಮ ‘ಮಾಡಿ’, ‘ಮಾಡುತ್ತಾ’ ಜಾತಿಯದು, ‘ಮಾಡುವಾಗ’ ಜಾತಿಯದಲ್ಲ. ಇಷ್ಟು ಹೇಳಿಕೊಟ್ಟರೆ ಪಾಠ ಬಹುಪಾಲು ಮುಗಿಯಿತು. ‘ಇಂಗ್’ ಬರೆಯುವ ಮೊದಲು ಆ ಜಾಗದಲ್ಲಿ ‘ಮಾಡಿ’ಯನ್ನೋ ‘ಮಾಡುತ್ತಾ’ವನ್ನೋ ಇಟ್ಟು ನೋಡಬೇಕು. ನಗು ಬಂದರೆ ವಾಕ್ಯ ಬದಲಿಸಬೇಕು. ಬದಲಿಸುವುದಕ್ಕೆ ಇರುವುದು ಎರಡೇ ಉಪಾಯ: ಅಲ್ಪವಿರಾಮ ದಾಟಿದ ಕೂಡಲೇ ಯಜಮಾನನನ್ನು ನಿಲ್ಲಿಸುವುದು, ಇಲ್ಲವೇ ಗುಚ್ಛದೊಳಗೇ ಅವನನ್ನು ಕೂರಿಸುವುದು. “ವೆನ್ ವಿ ಹ್ಯಾಡ್ ಈಟನ್, ದ ಬಸ್ ಲೆಫ್ಟ್” ಎಂದರೆ ಉಂಡವರು ನಾವು, ಹೊರಟದ್ದು ಬಸ್ಸು. ಮುಂದೆ ಬರಿದೇ ಒಂದು ‘ವೈಲ್’ ಅಂಟಿಸಿದರೆ ಸರಿಹೋಯಿತು ಎಂದು ನಂಬಿದವರು ಬಹಳ. “ವೈಲ್ ವಾಕಿಂಗ್ ಟು ಸ್ಕೂಲ್, ದ ರೇನ್ ಸ್ಟಾರ್ಟೆಡ್” ಎಂದರೂ ನಡೆಯುತ್ತಿರುವುದು ಮಳೆಯೇ.

ಇದಕ್ಕಿಂತ ಮಜವಾದದ್ದು ರಜಾ ಅರ್ಜಿ. “ಸಫರಿಂಗ್ ಫ್ರಮ್ ಫೀವರ್, ಕೈಂಡ್ಲಿ ಗ್ರಾಂಟ್ ಮಿ ಲೀವ್.” ಇಲ್ಲಿ ‘ಗ್ರಾಂಟ್’ ಮಾಡಬೇಕಾದವರು ಹೆಡ್‌ಮಾಸ್ಟರು. ಆದ್ದರಿಂದ ಜ್ವರ ಬಂದಿರುವುದೂ ಅವರಿಗೇ. ಇಂಥ ಅರ್ಜಿಗೆ ಹೆಡ್‌ಮಾಸ್ಟರು ಸಹಿಯನ್ನೂ ಹಾಕಿಬಿಡುತ್ತಾರೆ.

ಎಲ್ಲ ಜೋತಾಟವೂ ತಪ್ಪಲ್ಲ. ‘ಕನ್ಸಿಡರಿಂಗ್’, ‘ಕನ್ಸರ್ನಿಂಗ್’ ಮುಂತಾದವನ್ನು ಯಜಮಾನ ಯಾರು ಎಂದು ಇಂಗ್ಲಿಷಿನವರು ಕೇಳುವುದನ್ನು ಬಿಟ್ಟು ಬಹುಕಾಲವಾಯಿತು. ನಮ್ಮ ‘ಬಿಟ್ಟು’ವಿನ ಕತೆಯೂ ಹಾಗೆಯೇ. “ಇದನ್ನು ಬಿಟ್ಟು ಬೇರೆ ದಾರಿಯಿಲ್ಲ” ಎಂದರೆ ಬಿಟ್ಟವರು ಯಾರು ಎಂದು ಯಾರೂ ಹುಡುಕುವುದಿಲ್ಲ.

ಜಾಗ ತಪ್ಪಿ ಕೂರುವ ವಿಶೇಷಣದ ವಿಷಯದಲ್ಲಿ ಕನ್ನಡಿಗರು ಇಂಗ್ಲಿಷನ್ನು ನೋಡಿ ನಗುವ ಹಾಗಿಲ್ಲ. ‘ಶುದ್ಧ ಹಸುವಿನ ತುಪ್ಪ’ದಲ್ಲಿ ಶುದ್ಧವಾದದ್ದು ಹಸುವೋ ತುಪ್ಪವೋ? ‘ಉಚಿತ ಕಣ್ಣಿನ ತಪಾಸಣೆ’ಯ ಬ್ಯಾನರ್ ಓದಿದವರು ಉಚಿತವಾಗಿ ಕಣ್ಣು ಸಿಗುತ್ತದೆಂದು ಸಾಲಿನಲ್ಲಿ ನಿಂತಿಲ್ಲ, ಅಷ್ಟೇ ಪುಣ್ಯ. ‘ಹುಲಿ ಕೊಂದ ಹುಡುಗ’ ಎಂದರೆ ಹುಡುಗ ಬದುಕಿದ್ದಾನೋ ಇಲ್ಲವೋ ಹೇಳಲಾಗದು.

ನಮ್ಮ ವಿಶೇಷಣ ನಾಮಪದಕ್ಕಿಂತ ಮೊದಲು ಸಾಲುಗಟ್ಟುತ್ತದೆ. ಇಂಗ್ಲಿಷಿನ ಉದ್ದನೆಯ ವಿಶೇಷಣ ನಾಮಪದದ ನಂತರ ಬಾಲದಂತೆ ಇಳಿಯುತ್ತದೆ. ಆ ಬಾಲ ಯಾರದೆಂಬ ಜಗಳ 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಲಾಕ್‌ಹಾರ್ಟ್ ಪ್ರಕರಣದಲ್ಲಿ ಕಾನೂನು ಮೂರು ಬಗೆಯ ಲೈಂಗಿಕ ಅಪರಾಧಗಳನ್ನು ಸಾಲಾಗಿ ಹೇಳಿ, ಕೊನೆಯಲ್ಲಿ ಅಪ್ರಾಪ್ತರ ಕುರಿತ ಒಂದು ಗುಚ್ಛವನ್ನು ಸೇರಿಸಿತ್ತು. ಅದು ಮೂರಕ್ಕೂ ಅನ್ವಯಿಸಿದರೆ ಆರೋಪಿ 10 ವರ್ಷದ ಕಡ್ಡಾಯ ಶಿಕ್ಷೆಯಿಂದ ಪಾರು, ಏಕೆಂದರೆ ಅವನ ಹಿಂದಿನ ಅಪರಾಧ ವಯಸ್ಕ ಮಹಿಳೆಯ ಮೇಲಿನದು. ಕೊನೆಯದಕ್ಕೆ ಮಾತ್ರ ಎಂದು 6–2ರ ಬಹುಮತ ತೀರ್ಪಿತ್ತಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್, ಹೊಸ ‘ಸ್ಟಾರ್ ವಾರ್ಸ್’ ಸಿನಿಮಾಕ್ಕೆ ಸಂಬಂಧಿಸಿದ ನಟ, ನಿರ್ದೇಶಕ ಅಥವಾ ನಿರ್ಮಾಪಕರನ್ನು ಭೇಟಿಯಾಗುವ ಆಸೆ ಎಂದು ಗೆಳತಿಯೊಬ್ಬಳು ಹೇಳಿದರೆ ಏನರ್ಥ ಎಂದು ಕೇಳಿದ್ದರು. ಕನ್ನಡಕ್ಕೆ ತಂದ ಕೂಡಲೇ ಗುಚ್ಛ ಮೊದಲಿಗೇ ಬಂದು ಮೂವರನ್ನೂ ಅಪ್ಪಿಕೊಂಡಿರುವುದನ್ನು ಗಮನಿಸಬಹುದು. ಆ ಆರೋಪಿಯ ದುರದೃಷ್ಟ, ಕಾನೂನು ಇಂಗ್ಲಿಷಿನಲ್ಲಿತ್ತು.

‘ಓನ್ಲಿ’ಯ ಮಾತು ಬೇರೆ. “ಐ ಟೋಲ್ಡ್ ಹಿಮ್ ಯೆಸ್ಟರ್‌ಡೇ ಓನ್ಲಿ” ಎನ್ನುವ ಬೆಂಗಳೂರಿಗರನ್ನು ಗೇಲಿ ಮಾಡುವವರಿಗೆ ಬರವಿಲ್ಲ. ಅದು ‘ನಿನ್ನೆಯೇ’ ಎಂಬುದರ ‘ಏ’. ಯಾವ ಪದಕ್ಕೆ ಒತ್ತು ಬೇಕೋ ಅದಕ್ಕೇ ಅಂಟಿ ನಿಂತಿದೆ. ನೆಟ್ಟಗಿನ ಇಂಗ್ಲಿಷಿನವರೇ ‘ಓನ್ಲಿ’ಯನ್ನು ಕ್ರಿಯಾಪದಕ್ಕಿಂತ ಮೊದಲೇ ಎಸೆದು, ಅದು ಯಾರಿಗೆ ಸೇರಿದ್ದೆಂದು ಓದುಗ ಹುಡುಕಲಿ ಎಂದು ಬಿಡುವುದು.

ಇಷ್ಟೆಲ್ಲದರ ನಡುವೆ ಮಕ್ಕಳನ್ನು ಕ್ಷಮಿಸಬಹುದು, ಕಚೇರಿಗಳನ್ನು ಕ್ಷಮಿಸುವುದು ಕಷ್ಟ. “ಆಫ್ಟರ್ ಎಕ್ಸಾಮಿನಿಂಗ್ ದ ರೆಕಾರ್ಡ್ಸ್, ಯುವರ್ ಅಪ್ಲಿಕೇಶನ್ ಹ್ಯಾಸ್ ಬೀನ್ ರಿಜೆಕ್ಟೆಡ್.” ದಾಖಲೆ ಪರಿಶೀಲಿಸಿದ್ದು ಅರ್ಜಿಯೇ ಎಂದಾಯಿತು. ಕನ್ನಡದ ಹಿಂಬರಹವೂ ಅದೇ ಅಚ್ಚಿನದು: “ದಾಖಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ ಅರ್ಜಿಯನ್ನು ತಿರಸ್ಕರಿಸಲಾಗಿದೆ.” ವ್ಯಾಕರಣದ ದೃಷ್ಟಿಯಿಂದ ಈ ಕನ್ನಡ ಸರಿ, ‘ಲಾಗಿದೆ’ಯ ಹಿಂದೆ ಒಬ್ಬ ಕರ್ತೃ ಅಡಗಿದ್ದಾನೆಂದು ಕಿವಿ ಊಹಿಸಿಕೊಳ್ಳುತ್ತದೆ. ಹಿಂಬರಹ ಕೈಯಲ್ಲಿ ಹಿಡಿದ ರೈತ ಮಾತ್ರ ಪರಿಶೀಲಿಸಿದವರು ಯಾರು ಎಂದು ಕೇಳುತ್ತಾ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಅಲೆಯುತ್ತಿರುತ್ತಾನೆ.